ಬೋಳ್ಪಾರೆಯಲ್ಲಿ ಕೈ ಎತ್ತುವವಳು

ಗಾರ್ಡು ಹಸಿರು ಬಾವುಟ ತೋರಿಸಿದರೆ ರೈಲು ಹೊರಡುತ್ತದೆ ಅಂತ ನೀವು ತಿಳಿದಿದ್ದೀರಿ. ತಿಳಿದುಕೊಳ್ಳಿ, ನನ್ನ ಅಡ್ಡಿಯಿಲ್ಲ. ಬೇರೆ ಕಡೆ ಹಾಗೇ ಇದ್ದೀತು. ನಮ್ಮ ಬೋಳ್ಪಾರೆ ಹಾಲ್ಟಿನಲ್ಲಿ ಮಾತ್ರ ಬೆಳಗಿನ ಪ್ಯಾಸೆಂಜರು ಹೊರಡುವುದು ಮುತ್ತು ಕೈ ಎತ್ತಿದ ಮೇಲೆ. ಮುತ್ತು ರೈಲ್ವೆಯವಳಲ್ಲ, ಮೀನು ಮಾರುವ ಹೆಂಗಸು. ಇಪ್ಪತ್ತೈದು ವರ್ಷದಿಂದ ಇಲ್ಲಿ ಟಿಕೆಟು ಕೊಡುತ್ತಿರುವ ವೈಕುಂಠ ಹೊಳ್ಳ ಎಂಬ ನಾನು ಹೇಳುತ್ತಿದ್ದೇನೆ. ನಂಬುವುದಾದರೆ ನಂಬಿ, ಇಲ್ಲವಾದರೆ ಒಂದು ದಿನ ಬಂದು ನೋಡಿ.

ಹೆಸರೇ ಹೇಳುವಂತೆ ಅದು ಬೋಳು ಪಾರೆ. ಕಿರಿಮಂಜೇಶ್ವರದಿಂದ ಮೂಡು ದಿಕ್ಕಿಗೆ ಬಂದರೆ ತೆಂಗು, ಗದ್ದೆ ಎಲ್ಲ ಮುಗಿದು ಒಮ್ಮೆಗೇ ಮುರಕಲ್ಲಿನ ಬಯಲು ತೆರೆಯುತ್ತದೆ. ಹುಲ್ಲು ಹುಟ್ಟುವುದು ಮಳೆಗಾಲದ ನಾಲ್ಕು ತಿಂಗಳು, ಉಳಿದ ಎಂಟು ತಿಂಗಳು ದೋಸೆ ಕಾವಲಿ. ಅದರ ನಟ್ಟನಡುವೆ ಒಂದು ತಗ್ಗು ಪ್ಲಾಟ್‌ಫಾರ್ಮು, ಒಂದು ಹಳದಿ ಬೋರ್ಡು, ಒಂದು ಶೀಟಿನ ಮಾಡು, ಆ ಮಾಡಿನಡಿ ನನ್ನ ಕೋಣೆ. ಕುಡಿಯುವ ನೀರಿಗೆ ಅರ್ಧ ಮೈಲಿ ನಡೆಯಬೇಕು. ಹೊಸಬರು ಯಾರಾದರೂ ಇಳಿದರೆ ಸುತ್ತ ಕಣ್ಣು ಹಾಯಿಸಿ, ಇಲ್ಲಿ ಊರೆಲ್ಲಿದೆ ಅಂತ ನನ್ನನ್ನು ಕೇಳುತ್ತಾರೆ. ದಿನಕ್ಕೆ ಎರಡು ಪ್ಯಾಸೆಂಜರು ನಿಲ್ಲುತ್ತವೆ, ಬೆಳಿಗ್ಗೆ ಕುಂದಾಪುರದ ಕಡೆ ಹೋಗುವುದು, ಸಂಜೆ ತಿರುಗಿ ಬೈಂದೂರಿನ ಕಡೆ ಹೋಗುವುದು. ಒಂದೊಂದಕ್ಕೂ ಒಂದೊಂದು ನಿಮಿಷ. ಉಳಿದ ದೊಡ್ಡ ರೈಲುಗಳು ನಮ್ಮ ಮುಖಕ್ಕೆ ಧೂಳು ಹಾರಿಸಿ ಹೋಗುತ್ತವೆ.

ನಾನು ಸಾಲಿಗ್ರಾಮದ ಕಡೆಯವ. ದೇವಸ್ಥಾನದ ಪೂಜೆಯ ಪಾಳಿ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ನನ್ನ ಪಾಲಿಗೆ ವರ್ಷದಲ್ಲಿ ಹದಿನೆಂಟು ದಿನ ಉಳಿದಾಗ ಈ ಹಾಲ್ಟಿನ ಟಿಕೆಟ್ ಏಜೆಂಟು ಕೆಲಸ ಹಿಡಿದು ಇಲ್ಲೇ ಪಾರೆಯಾಚೆ ಮನೆ ಮಾಡಿದೆ. ಮನೆತನದ ಸಿಟ್ಟು ಮಾತ್ರ ಪಾಲಾಗದೆ ಪೂರ್ತಿ ನನಗೇ ಬಂತು ಅಂತ ನನ್ನ ಹೆಂಡತಿ ಗೋದಾವರಿ ಹೇಳುತ್ತಾಳೆ. ಸುಳ್ಳಲ್ಲ. ಸಾಲು ತಪ್ಪಿಸಿದವರಿಗೆ, ಕಿಟಕಿಗೆ ಮೊಣಕೈ ಊರಿದವರಿಗೆ, ರೈಲು ಎಷ್ಟು ಹೊತ್ತಿಗೆ ಅಂತ ಎರಡನೇ ಸಲ ಕೇಳಿದವರಿಗೆ ಬೈದೇ ಟಿಕೆಟು ಕೊಟ್ಟವ ನಾನು.

ಮೊದಲ ವರ್ಷ ಮೀನಿನವರು ಬಂದರೆ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಕೂರುತ್ತಿದ್ದೆ. ಮನೆಗೆ ಹೋದವ ಸೀದಾ ಬಾವಿಕಟ್ಟೆಗೆ, ತಲೆಗೆ ನಾಲ್ಕು ಕೊಡಪಾನ ನೀರು. ಒಂದು ದಿನ ಕಿಟಕಿಯ ಆಚೆಯಿಂದ ಮುತ್ತು ಬಗ್ಗಿ ನೋಡಿ ಹೇಳಿದಳು: “ಹೊಳ್ರೆ, ಆ ಬೈರಾಸ್ ಬಿಚ್ಚಿನಿ ಮಾರಾಯ್ರೆ. ಕಳ್ಳ್ರ್ ಹತ್ರ ಟಿಕೇಟ್ ಕೇಂಡಾಂಗೆ ಆತ್ತ್.” ಹಿಂದಿದ್ದ ಆರು ಹೆಂಗಸರೂ ಬುಟ್ಟಿ ಇಳಿಸಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು, ಆದರೆ ಮರುದಿನದಿಂದ ಬೈರಾಸು ಹೆಗಲ ಮೇಲೇ ಉಳಿಯಿತು. ಈಗಂತೂ ಪಾರೆಯ ಆ ಕೊನೆಯಲ್ಲಿ ಗಾಳಿ ಬೀಸಿದರೆ ಇವತ್ತು ಬಂಗುಡೆಯೋ ಕಾಣೆಯೋ ಚಟ್ಲಿಯೋ ಅಂತ ಕೂತಲ್ಲೇ ಹೇಳುತ್ತೇನೆ. ಹುಟ್ಟಿದಾಗಿನಿಂದ ಮೀನು ಮುಟ್ಟಿದವನಲ್ಲ. ಮುತ್ತುವಿಗೆ ಇದು ದೊಡ್ಡ ಹೆಮ್ಮೆ, ಹೊಸಬರಿಗೆಲ್ಲ ನನ್ನ ಮೂಗನ್ನು ಪರೀಕ್ಷೆ ಮಾಡಿಸಿ ತೋರಿಸುತ್ತಾಳೆ.

ಮುತ್ತು ಹುಟ್ಟಿದ್ದು ಕಡಲ ಬದಿಯಲ್ಲಿ, ಮದುವೆಯಾಗಿ ಬಂದದ್ದೂ ಕಡಲ ಬದಿಗೇ. ಗಂಡ ಚಂದು ಮದುವೆಯಾದ ಎರಡನೇ ವರ್ಷಕ್ಕೆ ಮುಂಬೈಯ ಹೋಟೆಲಿಗೆ ಹೋದ. ಆರು ವರ್ಷ ಕಳೆದು ಬರುವಾಗ ನಾಲ್ಕು ಹಿಂದಿ ಮಾತು ಮತ್ತು ಒಂದು ಕೆಮ್ಮು ತಂದ. ಆ ಆರು ವರ್ಷದ ನಡುವೆಯೇ ನಮ್ಮ ಕಡೆ ರೈಲು ದಾರಿಯ ಕೆಲಸ ಶುರುವಾದದ್ದು. ಮಗ ಅಶೋಕನನ್ನು ಸೀರೆಯ ಜೋಲಿಯಲ್ಲಿ ಗೇರುಮರಕ್ಕೆ ಕಟ್ಟಿ ಮುತ್ತು ಇದೇ ಪಾರೆಯ ಮೇಲೆ ಜಲ್ಲಿ ಹೊತ್ತಳು. ಎರಡು ಬೇಸಗೆ ಹೊತ್ತಳು. ಆದಕಾರಣ ಈ ರೈಲು ತನ್ನ ತಲೆಯ ಮೇಲೇ ಹೋಗುತ್ತಿದೆ ಎಂದು ಅವಳ ವಾದ. ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಎಲೆಯಡಿಕೆ ಉಗುಳಿದರೆ ನನಗಿಂತ ಮೊದಲು ಅವಳು ಎಗರುತ್ತಾಳೆ. ಬೈಯುವುದು ನನ್ನ ಕೆಲಸ, ನಿನ್ನದಲ್ಲ ಅಂತ ನಾವಿಬ್ಬರು ಎಷ್ಟು ಸಲ ಜಗಳಾಡಿದ್ದೇವೋ. ಅಷ್ಟರಲ್ಲಿ ಉಗುಳಿದವ ರೈಲು ಹತ್ತಿ ಹೋಗಿರುತ್ತಾನೆ.

ಇನ್ನು ಕೈಯ ವಿಷಯ. ನಮ್ಮ ಪ್ಲಾಟ್‌ಫಾರ್ಮು ತಗ್ಗು, ರೈಲಿನ ಮೆಟ್ಟಿಲು ಎತ್ತರ. ಐಸು ಹಾಕಿದ ಮೀನಿನ ಬುಟ್ಟಿ ಒಂದೊಂದೂ ಇಪ್ಪತ್ತು, ಇಪ್ಪತ್ತೈದು ಕಿಲೋ. ಕೆಳಗೆ ನಿಂತವರು ಎತ್ತಿ ಕೊಡಬೇಕು, ಮೇಲಿದ್ದವರು ಎಳೆದುಕೊಳ್ಳಬೇಕು. ಏಳು ಹೆಂಗಸರು, ಏಳು ಬುಟ್ಟಿ, ಒಂದು ನಿಮಿಷ. ಹಾಲ್ಟು ಶುರುವಾದ ಮೊದಲ ವಾರದಲ್ಲೇ ಮೂರು ಬುಟ್ಟಿ ಕೆಳಗುಳಿದು ರೈಲು ಹೊರಟುಹೋಯಿತು. ಮರುದಿನ ಮುತ್ತು ಗಾರ್ಡಿನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಳು. ಆಗಿನ ಗಾರ್ಡು ಉಮಾನಾಥ, ಸಮಾಧಾನದ ಮನುಷ್ಯ. ಅವಳ ಬೈಗಳನ್ನೆಲ್ಲ ಕೊನೆಯವರೆಗೆ ಕೇಳಿ, ಹಾಗಾದರೆ ನೀನೇ ಹೇಳು ತಾಯಿ, ನಿಮ್ಮವರೆಲ್ಲ ಹತ್ತಿಯಾಯಿತು ಅಂತ ಒಂದು ಕೈ ಎತ್ತು, ಆಮೇಲೆ ನಾನು ಬಾವುಟ ಬಿಚ್ಚುತ್ತೇನೆ ಎಂದ.

ಅಂದಿನಿಂದ ಅದೇ ಕ್ರಮ. ಹೆಂಗಸರದ್ದು ಕೊನೆಯ ಡಬ್ಬಿ. ಎಲ್ಲರನ್ನೂ ಹತ್ತಿಸಿ ಕೊನೆಗೆ ಮುತ್ತು ಹತ್ತುತ್ತಾಳೆ, ಬಾಗಿಲ ಸರಳು ಹಿಡಿದು ಒಮ್ಮೆ ಒಳಗೆ ನೋಡುತ್ತಾಳೆ, ಬಲಗೈ ಎತ್ತುತ್ತಾಳೆ. ಉಮಾನಾಥ ನಿವೃತ್ತನಾಗುವಾಗ ಮುಂದಿನವನಿಗೆ ಈ ಮಾತನ್ನೂ ಒಪ್ಪಿಸಿ ಹೋದನಂತೆ. ಅವನು ಅವನ ಮುಂದಿನವನಿಗೆ. ಎಷ್ಟು ಗಾರ್ಡುಗಳು ಬದಲಾದರೋ. ಈಗ ಗಾರ್ಡು ಅನ್ನಬಾರದಂತೆ, ಟ್ರೈನ್ ಮ್ಯಾನೇಜರ್ ಅನ್ನಬೇಕಂತೆ. ಹೆಸರು ದೊಡ್ಡದಾಯಿತು, ಬೋಳ್ಪಾರೆಯಲ್ಲಿ ಮಾತ್ರ ಅವರೂ ಮುತ್ತುವಿನ ಕೈಯನ್ನೇ ಕಾಯುತ್ತಾರೆ.

ಇದು ಯಾವ ಪುಸ್ತಕದಲ್ಲಿ ಬರೆದಿದೆ ಅಂತ ಶುರುವಿನಲ್ಲಿ ನಾನು ತುಂಬಾ ಹಾರಾಡಿದೆ. ಹಾರಾಟ ನಿಂತದ್ದು ನನ್ನ ಮಗಳು ಶ್ರಾವ್ಯಳ ಪಿಯುಸಿ ಪರೀಕ್ಷೆಯ ದಿನ. ಹಾಲ್‌ಟಿಕೆಟು ಮನೆಯಲ್ಲೇ ಮರೆತು ಹುಡುಗಿ ಅರ್ಧ ದಾರಿಯಿಂದ ವಾಪಸು ಓಡಿದ್ದಳು. ರೈಲು ಬಂದು ನಿಂತಿತು, ಅವಳು ಪಾರೆಯ ಆ ಕೊನೆಯಲ್ಲಿ ಒಂದು ಚುಕ್ಕೆಯಷ್ಟು ಕಾಣುತ್ತಿದ್ದಳು. ನಾನು ಕಿಟಕಿಯ ಹಿಂದೆ ಕೂತು ಬೆವರುತ್ತಿದ್ದೆ, ಬಾಯಿ ಬಿಟ್ಟು ಯಾರನ್ನೂ ಕೇಳಲಿಲ್ಲ. ಮುತ್ತು ಸುಮ್ಮನೆ ಕೊನೆಯ ಬುಟ್ಟಿಯನ್ನು ಕೆಳಗಿಳಿಸಿ, ಗೋಣಿ ಬಿಚ್ಚಿ, ಐಸು ಸರಿ ಮಾಡಿ, ಮತ್ತೆ ಗೋಣಿ ಕಟ್ಟಿದಳು. ಪೂರಾ ಮೂರು ನಿಮಿಷ. ಶ್ರಾವ್ಯ ಏದುಸಿರು ಬಿಡುತ್ತ ಅವಳ ಕೈ ಹಿಡಿದು ಹತ್ತಿದ ಮೇಲೆಯೇ ಆ ಬಲಗೈ ಮೇಲೆ ಹೋಯಿತು. ಸಂಜೆ ಮುತ್ತು ಇಳಿದಾಗ ನಾನು ಏನೋ ಹೇಳಲು ಹೋದೆ. ಐಸು ಸಡಿಲಾಗಿತ್ತು, ಅಷ್ಟೇ ಅಂತ ಹೇಳಿ ಮನೆಗೆ ನಡೆದಳು.

ಅಂಥವಳ ಕೈ ತಪ್ಪಿತು. ತಪ್ಪಿಸಿದವ ನಾನು. ಅದನ್ನು ಹೇಳುವುದಕ್ಕೇ ಇಷ್ಟು ಸುತ್ತಿ ಬಂದದ್ದು.

ಮುತ್ತುವಿನ ಮಗ ಅಶೋಕನ ಹೆಂಡತಿ ಚಂದನಾ. ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು ಅದನ್ನು ಬಿಟ್ಟು, ಎರಡು ವರ್ಷದ ಹಿಂದೆ ತಾನಾಗಿಯೇ ಬುಟ್ಟಿ ಹೊತ್ತು ಅತ್ತೆಯ ಹಿಂದೆ ಬಂದಳು. ಏಳನೆಯವಳಾಗಿದ್ದ ಒಬ್ಬ ಮುದುಕಿ ಮನೆ ಹಿಡಿದು ಆ ಜಾಗ ಖಾಲಿಯಿತ್ತು. ಮುತ್ತು ಮೊದಲು ಬೇಡವೆಂದಳು, ಆಮೇಲೆ ರೈಲಿಳಿದು ಮೀನು ಮಾರುವ ಬಾರ್ಕೂರಿನಲ್ಲಿ ಇವಳ ಬುಟ್ಟಿ ತನ್ನದಕ್ಕಿಂತ ಮೊದಲು ಖಾಲಿಯಾಗುವುದನ್ನು ಕಂಡು ಊರೆಲ್ಲ ಹೇಳಿಕೊಂಡು ತಿರುಗಿದಳು.

ಮುತ್ತು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದುದು ಬುಟ್ಟಿಗಳನ್ನು. ಮೀನಿನವಳು ತನ್ನ ಬುಟ್ಟಿ ಬಿಟ್ಟು ಎರಡು ಮಾರು ಆಚೆ ಹೋಗುವುದಿಲ್ಲ. ಕಾಗೆಯಿಂದ, ನಾಯಿಯಿಂದ, ಸುಮ್ಮನೆ ಬೆರಳು ಹಾಕಿ ನೋಡುವವರಿಂದ ಕಾಯುವುದೇ ಅವಳ ಅರ್ಧ ಕೆಲಸ. ಬುಟ್ಟಿ ಇದ್ದಲ್ಲಿ ಅವಳಿದ್ದಾಳೆ. ಏಳು ಬುಟ್ಟಿ ಎಂದರೆ ಏಳು ಹೆಂಗಸರು. ಇಪ್ಪತ್ತೈದು ವರ್ಷದಲ್ಲಿ ಒಂದು ದಿನವೂ ಅದು ಸುಳ್ಳಾಗಿರಲಿಲ್ಲ.

ಹೋದ ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಚಂದನಾ ಟಿಕೆಟನ್ನು ಕಿಟಕಿಯ ಹಲಗೆಯ ಮೇಲೆಯೇ ಬಿಟ್ಟು ಹೋದಳು. ಆ ವಾರದಲ್ಲಿ ಅದು ಎರಡನೇ ಸಲ. ರೈಲು ನಿಂತಿತ್ತು. ಬುಟ್ಟಿಗಳೆಲ್ಲ ಮೇಲೆ ಹೋಗಿದ್ದವು. ಕೆಳಗೆ ಉಳಿದಿದ್ದವರು ಅತ್ತೆ ಸೊಸೆ ಇಬ್ಬರೇ. ನಾನು ಎದ್ದು ಮೂವತ್ತು ಹೆಜ್ಜೆ ನಡೆದು ಟಿಕೆಟು ಕೊಡಬಹುದಿತ್ತು. ಕೊಡಲಿಲ್ಲ. ಕೂತಲ್ಲಿಂದಲೇ ಗಂಟಲು ಹರಿಯುವ ಹಾಗೆ ಕೂಗಿದೆ: “ಹ್ವಾಯ್ ಚಂದನಾ, ಟಿಕೇಟ್ ಎಂತ ನಿನ್ನ್ ಅಜ್ಜ ತಕಂಡ್ ಬತ್ನಾ?”

ಹುಡುಗಿ ಹೆದರಿ ಓಡಿ ಬಂದಳು. ಆ ಹೊತ್ತಿಗೆ ಮುತ್ತು ಕೆಳಗೆ ಬಿದ್ದಿದ್ದ ತನ್ನ ತಲೆಯ ಸಿಂಬೆ ಹೆಕ್ಕುತ್ತಿದ್ದಳು. ಹೆಕ್ಕಿ, ಹತ್ತಿ, ಒಳಗೆ ನೋಡಿದಳು. ಏಳು ಬುಟ್ಟಿ. ಕೈ ಎತ್ತಿದಳು. ಚಂದನಾ ನನ್ನಿಂದ ಟಿಕೆಟು ಕಸಿದುಕೊಂಡು ಓಡುವಾಗ ರೈಲು ಅಲುಗಿತ್ತು. ಸರಳಿಗೆ ಕೈ ಸಿಕ್ಕಿತು, ಮೆಟ್ಟಿಲಿಗೆ ಕಾಲು ಸಿಗಲಿಲ್ಲ. ರೈಲು ನಾಲ್ಕು ಹೆಜ್ಜೆಯಷ್ಟು ಎಳೆದುಕೊಂಡು ಹೋಯಿತು, ಅವಳು ಕೈ ಜಾರಿ ಈಚೆಗೆ, ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಳು. ಈಚೆಗೆ ಬಿದ್ದದ್ದು ದೇವರ ದಯೆ. ಎಡಗಾಲು ಎರಡು ಕಡೆ ಮುರಿಯಿತು. ಮುತ್ತು ಆಗ ಹಾಕಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ರೈಲು ನಿಂತಿತು, ಗಾರ್ಡು ರವಿಚಂದ್ರ ಇಳಿದು ಓಡಿ ಬಂದ, ಅದೇ ರೈಲಿನಲ್ಲಿ ಅವಳನ್ನು ಮಲಗಿಸಿ ಕುಂದಾಪುರಕ್ಕೆ ಒಯ್ದರು.

ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಚಂದನಾ ಒಂದೇ ಮಾತು ಹೇಳಿದಳು. ಟಿಕೆಟು ಮರೆತಿದ್ದೆ, ತರಲು ಹೋದೆ, ತಪ್ಪು ನನ್ನದು. ನಾನು ಕೂಗಿದ್ದನ್ನು ಒಬ್ಬರಿಗೂ ಹೇಳಲಿಲ್ಲ. ಗೋದಾವರಿ ಬಿಸಿಗಂಜಿ ತೆಗೆದುಕೊಂಡು ಹೋದಾಗ ಮುತ್ತು ಮಂಚದ ಬದಿಯಲ್ಲಿ ನೆಲಕ್ಕೆ ಕೂತಿದ್ದಳಂತೆ. ತಲೆ ಎತ್ತದೆ ಹೇಳಿದಳಂತೆ: “ಬುಟ್ಟಿ ಎಣ್ಸಿದೆ ಅಮ್ಮ. ಹೆಣ್ಣನ್ನ್ ಎಣ್ಸ್ಲಿಲ್ಲೆ.”

ಹತ್ತು ದಿನ ಬಿಟ್ಟು ಮುತ್ತು ಮತ್ತೆ ಬುಟ್ಟಿ ಹೊತ್ತು ಬಂದಳು. ಆದರೆ ಕೊನೆಗೆ ಹತ್ತುತ್ತಿದ್ದವಳು ಎಲ್ಲರಿಗಿಂತ ಮೊದಲು ಹತ್ತಿ ಮೂಲೆಯಲ್ಲಿ ಕೂತುಬಿಟ್ಟಳು. ರವಿಚಂದ್ರ ಬಾವುಟ ಹಿಡಿದು ಬಾಗಿಲು ನೋಡಿದ, ನೋಡಿದ. ಕೈ ಬರಲಿಲ್ಲ. ನಿಮಿಷ ಮೀರಿತೆಂದು ಅವನು ಬಾವುಟ ಬಿಚ್ಚಿದಾಗ ಒಂದು ಬುಟ್ಟಿ ಕೆಳಗೇ ಇತ್ತು. ಮರುದಿನ ಉಳಿದ ಹೆಂಗಸರು ತಾವೇ ಎತ್ತುತ್ತೇವೆಂದು ಹೊರಟರು. ಒಬ್ಬಳು ಎತ್ತಿದರೆ ಇನ್ನೊಬ್ಬಳು ತಡೆ ತಡೆ ಅಂತ ಅವಳೂ ಎತ್ತಿದಳು, ಮೂರು ಕೈ ಕಂಡು ರವಿಚಂದ್ರ ತಲೆ ಕೆರೆದುಕೊಂಡ. ಇಬ್ಬರು ಬೇಸತ್ತು ಬಸ್ಸಿಗೆ ಹೋಗಿ ನೋಡಿದರು. ಮೀನಿನ ನೀರು ಸೋರುತ್ತದೆಂದು ಕಂಡಕ್ಟರು ದಾರಿಯಲ್ಲೇ ಇಳಿಸಿದ. ಮುತ್ತುವಿಗೆ ಇದೆಲ್ಲ ಕಾಣುತ್ತಿತ್ತು. ಚಂದನಾಳ ಕಾಲು ಒಂದು ನೆಟ್ಟಗಾಗಲಿ, ಆಮೇಲೆ ನಾನು ಬುಟ್ಟಿ ಕವುಚಿ ಹಾಕಿ ಮನೆಯಲ್ಲಿ ಕೂರುವವಳೇ ಅಂತ ಅವರೆಲ್ಲರಿಗೂ ಹೇಳಿಬಿಟ್ಟಳು.

ನಾನು ಬಾಯಿ ಬಿಡಲಿಲ್ಲ. ಮೂರು ತಿಂಗಳು. ಅವಳ ಬೈಗಳಿಗೆ ಹೆದರಿದೆ ಅಂತ ನೀವು ಅಂದುಕೊಂಡರೆ ಅದು ತಪ್ಪು. ಬೈದರೆ ನಾನೂ ಬೈಯಬಲ್ಲೆ. ಅವಳು ಮಾತು ಬಿಟ್ಟುಬಿಟ್ಟರೆ ಅಂತ ಹೆದರಿದೆ. ಆ ಬೋಳು ಬಯಲಿನಲ್ಲಿ ದಿನಾ ನನ್ನೊಡನೆ ಜಗಳಾಡಲು ಇದ್ದವಳು ಅವಳೊಬ್ಬಳೇ. ಗೋದಾವರಿಗೆ ನಡೆದದ್ದನ್ನೆಲ್ಲ ಹೇಳಿದ್ದೆ. ಅವಳು ಎಷ್ಟು ದಿನ ಅಂತ ಸುಮ್ಮನಿರುತ್ತಾಳೆ? ಒಂದು ಬೆಳಿಗ್ಗೆ ಕಾಫಿ ಲೋಟ ಎದುರಿಗಿಟ್ಟು ಕೇಳಿದಳು: “ಕೂಗುಕೆ ಬಾಯಿ ಬತ್ತ್, ಹೇಳುಕೆ ಬತ್ತಿಲ್ಯಾ ನಿಮ್ಗೆ?”

ಫೆಬ್ರವರಿಯಲ್ಲಿ ಒಂದು ಸೋಮವಾರ ಚಂದನಾ ಬಂದಳು. ತಲೆಯ ಮೇಲೆ ಅರ್ಧ ಬುಟ್ಟಿ, ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಮುಖ ಮಾತ್ರ ಮೊದಲಿನ ಹಾಗೇ ನಗುತ್ತಿತ್ತು. ಟಿಕೆಟು ತೆಗೆದುಕೊಂಡು ನನ್ನ ಕಣ್ಣೆದುರೇ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಹಿಂದೆ ಮುತ್ತು. ಟಿಕೆಟು ಕೈಗೆ ಬಂದ ಮೇಲೂ ಅವಳು ಅಲ್ಲಿಂದ ಕದಲಲಿಲ್ಲ.

“ಹೊಳ್ರೆ,” ಎಂದಳು, “ನಾಳೆಯಿಂದ ನಂಗೆ ಟಿಕೇಟ್ ಬೇಡ.”

ಅಷ್ಟು ಹೇಳಿ ಹೋದಳು. ರೈಲು ಬಂತು. ಹೆಂಗಸರು ಬುಟ್ಟಿ ಎತ್ತಿ ಕೊಡುವ ಗಡಿಬಿಡಿ ಶುರುವಾಯಿತು. ರೈಲು ನಿಂತಿರುವಾಗ ನಾನು ಆ ಕುರ್ಚಿ ಬಿಟ್ಟು ಎದ್ದವನಲ್ಲ. ಅವತ್ತು ಎದ್ದೆ. ಕಿಟಕಿಯಲ್ಲಿ ಒಬ್ಬ ಕೈ ಚಾಚಿ ನಿಂತಿದ್ದ, ನಿಲ್ಲಲಿ ಅಂತ ಬಾಗಿಲು ದೂಡಿ ಹೊರಗೆ ಬಂದೆ. ಆ ಮೂವತ್ತು ಹೆಜ್ಜೆ ನಡೆದೆ. ಮುತ್ತು ಅವತ್ತು ಸೊಸೆಯನ್ನು ಮೊದಲು ಹತ್ತಿಸಿ ಮೆಟ್ಟಿಲಿಗೆ ಕಾಲಿಡುತ್ತಿದ್ದವಳು ನನ್ನನ್ನು ಕಂಡು ಕಾಲು ತೆಗೆದಳು.

“ಅವತ್ತ್ ಚಂದನಾನ್ನ ಕೂಗಿ ಕರ್ದದ್ದ್ ನಾನ್,” ಎಂದೆ. “ಎದ್ದ್ ಬಂದ್ ಕೊಡ್ಲಕ್ಕಿತ್ತ್, ಕೊಡ್ಲಿಲ್ಲೆ. ತಪ್ಪ್ ನಂದ್ ಮುತ್ತು, ನಿಂದಲ್ಲ.”

ಚಂದನಾ ಬಾಗಿಲಲ್ಲಿ ನಿಂತು ಬೇಡವೆನ್ನುವಂತೆ ನನಗೆ ತಲೆಯಾಡಿಸಿದಳು. ಮುತ್ತು ನನ್ನ ಮುಖವನ್ನೇ ನೋಡಿದಳು. ಬೈಗಳು ಬರುತ್ತದೆಂದು ನಾನು ತಯಾರಾಗಿ ನಿಂತಿದ್ದೆ. ಬಂದರೆ ಸಾಕಿತ್ತು.

“ನಂಗೆ ಗೊತ್ತಿತ್ತ್ ಹೊಳ್ರೆ,” ಎಂದಳು ಮೆಲ್ಲಗೆ. “ನಿಮ್ಮ್ ಕೂಗ್ ನಂಗೂ ಕೇಂಡಿತ್ತ್. ನೀವ್ ದಿನಾ ಕೂಗ್ತ್ರಿ. ಇವತ್ತೂ ಹಾಂಗೇ ಅಂದ್ಕಂಡ್ ನಾನ್ ತಿರ್ಗಿ ಕಾಣ್ಲಿಲ್ಲೆ.”

ಇಪ್ಪತ್ತೈದು ವರ್ಷ ಕೂಗಿ ಕೂಗಿ ನನ್ನ ಕೂಗಿಗೆ ಯಾರೂ ತಿರುಗಿ ನೋಡದ ಹಾಗೆ ಮಾಡಿಕೊಂಡವ ನಾನೇ. ಕಣ್ಣಲ್ಲಿ ನೀರು ಬಂತು. ಬೈರಾಸು ಕೋಣೆಯಲ್ಲಿ ಬಿಟ್ಟು ಬಂದಿದ್ದೆ, ಅಂಗಿಯ ತೋಳಿನಲ್ಲೇ ಒರೆಸಿಕೊಂಡೆ. ಅವಳ ಕಣ್ಣೂ ತುಂಬಿತ್ತು. ಮುಂದಿನಿಂದ ಇಂಜಿನು ಒಂದು ಸಲ ಹಾರ್ನ್ ಹಾಕಿತು. ನಿಮಿಷ ಕಳೆದು ಎಷ್ಟೋ ಹೊತ್ತಾಗಿತ್ತು. ರವಿಚಂದ್ರ ತನ್ನ ಬಾಗಿಲಲ್ಲಿ ಸುತ್ತಿದ ಬಾವುಟ ಹಿಡಿದು ನಿಂತಿದ್ದ. ಬಿಚ್ಚಿರಲಿಲ್ಲ.

ಮುತ್ತು ಅವನನ್ನು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಮೆಟ್ಟಿಲು ಹತ್ತಿ ಬಾಗಿಲ ಸರಳು ಹಿಡಿದಳು. ಒಳಗೆ ತಿರುಗಿ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದಳು. ಪ್ರತಿಯೊಬ್ಬಳೂ ಹ್ಞೂಂ ಎಂದಳು. ಕೊನೆಗೆ ಚಂದನಾ. ಪಕ್ಕದಲ್ಲೇ ಭುಜಕ್ಕೆ ಭುಜ ತಾಗಿಸಿ ನಿಂತವಳನ್ನೂ ಹೆಸರು ಹಿಡಿದೇ ಕರೆದಳು. ಇದ್ದೆ ಅತ್ತೆ ಎಂದು ಅವಳು ಹೇಳಿದ ಮೇಲೆ ನನ್ನ ಕಡೆ ತಿರುಗಿದಳು.

“ಹೊಳ್ರೆ, ಇನ್ನ್ ಯಾರನ್ನಾರೂ ಕರೂಕಿತ್ತಾ?”

ಇಲ್ಲ ಅನ್ನುವುದಕ್ಕೆ ಕೈ ಎತ್ತಿದೆ. ಅವಳು ಅದನ್ನು ನೋಡಿದಳು, ಪಾರೆಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿದಳು, ಬಲಗೈ ಮೇಲೆತ್ತಿದಳು. ರವಿಚಂದ್ರನ ಬಾವುಟ ಬಿಚ್ಚಿಕೊಂಡಿತು. ರೈಲು ಹೋದ ಮೇಲೆ ನೋಡಿದರೆ ಕಿಟಕಿಯಲ್ಲಿ ಕೈ ಚಾಚಿದ್ದ ಆ ಮನುಷ್ಯ ರೈಲು ತಪ್ಪಿ ಅಲ್ಲೇ ನಿಂತಿದ್ದ. ನನಗೆ ಚೆನ್ನಾಗಿ ಬೈದ, ಕೇಳಿಸಿಕೊಂಡೆ.

ಆದರೆ ನಾಳೆಯಿಂದ ಟಿಕೆಟು ಬೇಡ ಅಂದದ್ದನ್ನು ಅವಳು ವಾಪಸು ತೆಗೆದುಕೊಂಡಿರಲಿಲ್ಲ. ಸಂಜೆ ಇಳಿದಾಗಲೂ ಆ ಬಗ್ಗೆ ಮಾತೆತ್ತಲಿಲ್ಲ, ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಮರುದಿನ ನಾನು ಅರ್ಧ ಗಂಟೆ ಮೊದಲೇ ಬಂದೆ. ಕೋಣೆಯ ಬೀಗವನ್ನೂ ತೆಗೆಯದೆ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಕಡಲ ಕಡೆಯ ಕಾಲುದಾರಿ ನೋಡುತ್ತ ನಿಂತೆ. ಗಾಳಿ ಅತ್ತ ಕಡೆಯಿಂದ ಬೀಸುತ್ತಿತ್ತು. ಬಂಗುಡೆ. ಆಮೇಲೆ ಗೇರುಮರದ ಹಿಂದಿನಿಂದ ಒಂದೊಂದಾಗಿ ಬುಟ್ಟಿಗಳು ಮೇಲೆದ್ದು ಬಂದವು. ನಾನು ಬುಟ್ಟಿ ಎಣಿಸಲಿಲ್ಲ. ಅವುಗಳ ಅಡಿಯ ಮುಖಗಳು ಕಾಣುವವರೆಗೆ ಕಾದು, ಒಂದೊಂದೇ ಮುಖ ನೋಡಿ ಎಣಿಸಿದೆ. ಏಳು ಜನ ಇದ್ದರು.